ಚರ್ಮ ಬೆಳೆಯುವ ಕೋಣೆ

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಸಂಶೋಧನಾ ಕೇಂದ್ರವೊಂದರ ಕಲ್ಚರ್ ರೂಮ್, ಅಂದರೆ ಕೋಶಗಳನ್ನು ಬೆಳೆಸುವ ಕೋಣೆ ಇದು. ಚಪ್ಪಲಿ ಹೊರಗೆ ಬಿಟ್ಟು, ಬಿಳಿ ಕೋಟು ತೊಟ್ಟು, ಗ್ಲೌಸಿನ ಮೇಲೆ ಶೇ 70ರ ಆಲ್ಕೊಹಾಲ್ ಸಿಂಪಡಿಸಿಕೊಂಡ ಮೇಲೆಯೇ ಒಳಗೆ ಪ್ರವೇಶ. ಗೋಡೆಯುದ್ದಕ್ಕೂ ಗಾಳಿ ಸೋಸುವ ಹುಡ್‌ಗಳು ಗುಂಯ್‌ಗುಡುತ್ತಿವೆ. ಮೂಲೆಯ ಇನ್‌ಕ್ಯುಬೇಟರಿನೊಳಗೆ 37 ಡಿಗ್ರಿ ಶಾಖ, ಶೇ 5 ಕಾರ್ಬನ್ ಡೈಆಕ್ಸೈಡ್. ಬಾಗಿಲು ತೆರೆದಿಟ್ಟುಕೊಂಡು ಇಣುಕುತ್ತ ನಿಂತರೆ ಗದರಿಸುತ್ತಾರೆ!

ಮೈಕ್ರೋಸ್ಕೋಪಿನಡಿ ಮೊದಲ ಫ್ಲಾಸ್ಕ್. ಚರ್ಮದ ಒಳಪದರದಲ್ಲಿ ಕೊಲಾಜನ್ ಎಂಬ ನಾರಿನಂಥ ಪ್ರೋಟೀನನ್ನು ತಯಾರಿಸುವ ಫೈಬ್ರೊಬ್ಲಾಸ್ಟ್‌ಗಳು ಮೀನಿನ ಹಿಂಡಿನಂತೆ ಒಂದೇ ದಿಕ್ಕಿಗೆ ಸಾಲುಗಟ್ಟಿವೆ. ಎರಡನೆಯದರಲ್ಲಿ ಮೇಲ್ಚರ್ಮದ ಕೆರಟಿನೊಸೈಟ್‌ಗಳು ಮಾತ್ರ. ಸಾಮಾನ್ಯ ಮೀಡಿಯಂನಲ್ಲಿ ಒಂಟಿಯಾಗಿ ಬಿಟ್ಟದ್ದಕ್ಕೆ ಅವು ಕೆಲವು ಸಲ ವಿಭಜನೆಗೊಂಡು, ಚಪ್ಪಟೆಯಾಗಿ, ಸುಮ್ಮನಾಗಿವೆ. ಮೂರನೆಯದರಲ್ಲೂ ಅವೇ ಕೋಶಗಳು, ಆದರೆ ಕೆಳಗೆ ಫೈಬ್ರೊಬ್ಲಾಸ್ಟ್‌ಗಳ ಹಾಸು ಇದೆ. ಇಲ್ಲಿ ಅವು ಒತ್ತೊತ್ತಾಗಿ ಗುಂಪುಕಟ್ಟಿ, ಹಾಸಿನ ಕೋಶಗಳನ್ನೇ ಬದಿಗೆ ತಳ್ಳುತ್ತ ಹಬ್ಬುತ್ತಿವೆ.

ಈ ಉಪಾಯ 1975ರದ್ದು. ಅಮೆರಿಕದ ಎಂಐಟಿಯಲ್ಲಿ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವರ್ಡ್ ಗ್ರೀನ್, 3ಟಿ3 ಎಂಬ ಇಲಿಯ ಫೈಬ್ರೊಬ್ಲಾಸ್ಟ್‌ಗಳಿಗೆ ವಿಕಿರಣ ಹಾಯಿಸಿ ವಿಭಜನೆ ನಿಲ್ಲಿಸಿದರು. ಅವುಗಳ ಜೊತೆಯಲ್ಲಿ ಮನುಷ್ಯನ ಚರ್ಮಕೋಶಗಳನ್ನು ಬೆಳೆಸಿದರು. 1983ರಲ್ಲಿ ಮೈಯ ಬಹುಭಾಗ ಸುಟ್ಟಿದ್ದ ಇಬ್ಬರು ಎಳೆಯ ಸಹೋದರರಿಗೆ ಬಾಸ್ಟನ್ನಿನಲ್ಲಿ ಹೊದಿಸಿದ ಚರ್ಮದ ಹಾಳೆಗಳು ಬೆಳೆದದ್ದು ಹೀಗೆಯೇ.

ಇಲ್ಲಿ ನಡೆಯುವುದು ಕೊಡು-ಕೊಳ್ಳುವಿಕೆ. ಕೆರಟಿನೊಸೈಟ್ ಇಂಟರ್‌ಲ್ಯೂಕಿನ್-1 ಎಂಬ ಸಂಕೇತ ಕಳಿಸುತ್ತದೆ. ಅದು ತಲುಪಿದ ಫೈಬ್ರೊಬ್ಲಾಸ್ಟ್, ಕೆರಟಿನೊಸೈಟ್ ಬೆಳವಣಿಗೆಗೆ ಬೇಕಾದ ಪ್ರೋಟೀನನ್ನು ಸುರಿಸುತ್ತದೆ. ಪಕ್ಕದ ತಟ್ಟೆಯಲ್ಲಿ ಇದರ ಮುಂದಿನ ಹಂತವಿದೆ: ಫೈಬ್ರೊಬ್ಲಾಸ್ಟ್ ಬೆರೆಸಿದ ಕೊಲಾಜನ್ ಜೆಲ್, ಮೇಲೆ ಕೆರಟಿನೊಸೈಟ್. ಮೇಲ್ಭಾಗ ಗಾಳಿಗೆ ತೆರೆದುಕೊಳ್ಳುವಂತೆ ಎತ್ತಿಟ್ಟರೆ ಚರ್ಮ ಪದರ ಪದರವಾಗಿ ಮೂಡುತ್ತದೆ. ನೋಡಲು ಒದ್ದೆ ಕಾಗದದ ಚೂರು, ಅಷ್ಟೇ.

ಹಜಾರದಾಚೆ ಸ್ಲೈಡ್‌ಗಳ ಕೋಣೆ. ಇದೇ ಫೈಬ್ರೊಬ್ಲಾಸ್ಟ್‌ನ ಇನ್ನೊಂದು ಮುಖ ಅಲ್ಲಿದೆ. ಚರ್ಮದ ಕ್ಯಾನ್ಸರ್ ಗಡ್ಡೆಯ ಸೀಳಿನಲ್ಲಿ ಕ್ಯಾನ್ಸರ್ ಕೋಶಗಳ ಸುತ್ತ ಕಂದು ಬಣ್ಣದ ಪಟ್ಟಿ. ಸ್ನಾಯುವಿನ ಆಕ್ಟಿನ್ ಎಂಬ ಪ್ರೋಟೀನ್ ತಯಾರಿಸತೊಡಗಿದ ಫೈಬ್ರೊಬ್ಲಾಸ್ಟ್‌ಗಳಿವು. ಗಾಯದಲ್ಲಿ ಇಂಥವು ಕೆಲಸ ಮುಗಿಸಿ ಮರೆಯಾಗುತ್ತವೆ, ಗಡ್ಡೆಯಲ್ಲಿ ಉಳಿದುಬಿಡುತ್ತವೆ. 2007ರಲ್ಲಿ ಲಂಡನ್ನಿನ ವಿಜ್ಞಾನಿ ಎರಿಕ್ ಸಹಾಯ್ ಅವರ ತಂಡ ಜೆಲ್ಲಿನಲ್ಲಿ ಕಂಡದ್ದು ಇನ್ನೂ ದಿಗಿಲಿನದು. ಫೈಬ್ರೊಬ್ಲಾಸ್ಟ್ ಮುಂದೆ ನುಗ್ಗಿ ಕೊಲಾಜನ್ನಿನಲ್ಲಿ ಜಾಡು ಕೊರೆಯುತ್ತದೆ, ಕ್ಯಾನ್ಸರ್ ಕೋಶಗಳು ಅದೇ ಜಾಡು ಹಿಡಿಯುತ್ತವೆ.

ಹಾಗಾದರೆ ಫೈಬ್ರೊಬ್ಲಾಸ್ಟ್‌ಗಳನ್ನೇ ತೆಗೆದುಹಾಕಿದರಾಯಿತಲ್ಲ? 2014ರಲ್ಲಿ ವಿಜ್ಞಾನಿ ರಘು ಕಲ್ಲೂರಿ ಅವರ ತಂಡ ಇಲಿಗಳ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಇದನ್ನೇ ಮಾಡಿ ನೋಡಿತು. ಗಡ್ಡೆ ಮತ್ತಷ್ಟು ಉಗ್ರವಾಯಿತು, ಇಲಿಗಳು ಬೇಗ ಸತ್ತವು.