ಕನ್ಸೋಲ್ ತಯಾರಕರ ವಾಣಿಜ್ಯನೀತಿಯೂ ಆಟದ ಸ್ಟುಡಿಯೋಗಳ ಏಳುಬೀಳೂ

ಮನೆಯ ದೂರದರ್ಶನಕ್ಕೆ ಜೋಡಿಸಿಕೊಂಡು ಆಡುವ ವೀಡಿಯೋ ಆಟದ ಯಂತ್ರಕ್ಕೆ ಕನ್ಸೋಲ್ ಎಂದು ಹೆಸರು; ಅದರಲ್ಲಿ ಆಡತಕ್ಕ ಆಟಗಳನ್ನು ರಚಿಸುವ ಸಂಸ್ಥೆಗಳನ್ನು ಸ್ಟುಡಿಯೋಗಳೆಂದು ಕರೆಯುವುದು ವಾಡಿಕೆ. ಈ ಉದ್ಯಮವನ್ನು ಬಾಲಕರ ವಿನೋದವೆಂದು ತಳ್ಳಿಹಾಕುವ ಕಾಲ ಎಂದೋ ಕಳೆದುಹೋಯಿತು. ೨೦೨೩ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಆಕ್ಟಿವಿಷನ್ ಬ್ಲಿಝಾರ್ಡ್ ಎಂಬ ಆಟದ ಸಂಸ್ಥೆಯನ್ನು ಕೊಂಡುಕೊಂಡಿತು; ಅದರ ಬೆಲೆ ಸುಮಾರು ೬,೮೭೦ ಕೋಟಿ ಡಾಲರು. ೨೦೨೪ರ ಜನವರಿಯಲ್ಲಿ ಅದೇ ಮೈಕ್ರೋಸಾಫ್ಟಿನ ಆಟದ ವಿಭಾಗದಿಂದ ೧,೯೦೦ ಮಂದಿಯನ್ನು ಕೆಲಸದಿಂದ ತೆಗೆಯಲಾಯಿತು. ಇಷ್ಟು ಹಣ ಸುರಿದು ಕೊಂಡವರು ಜನರನ್ನು ಬಿಟ್ಟುಕೊಡುವುದೇಕೆ? ಒಳ್ಳೆಯ ಆಟವನ್ನು ರಚಿಸಿದ ಸ್ಟುಡಿಯೋ ಬಾಳುತ್ತದೆ, ಕೆಟ್ಟ ಆಟವನ್ನು ರಚಿಸಿದ್ದು ಅಳಿಯುತ್ತದೆ ಎಂಬ ಸರಳ ನಿಯಮ ಇಲ್ಲಿ ಸಲ್ಲದೇಕೆ? ನಮ್ಮ ಕಾಲೇಜುಗಳಲ್ಲಿ ಓದುವ ಅನೇಕ ತರುಣರು ಇಂದು ಈ ಕೆಲಸವನ್ನೇ ಜೀವನೋಪಾಯವಾಗಿ ಬಯಸುತ್ತಿರುವುದರಿಂದ, ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಪ್ರಕೃತ ಲೇಖನದಲ್ಲಿ ಇದನ್ನು ಸ್ಥೂಲವಾಗಿ ವಿಚಾರಿಸೋಣ.

೧. ಯಂತ್ರದ ಬೆಲೆ, ಆಟದ ಸುಂಕ

ಕನ್ಸೋಲನ್ನು ತಯಾರಿಸುವವನು ಅದನ್ನು ಮಾರಿ ಲಾಭ ಗಳಿಸುತ್ತಾನೆಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವವಾಗಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದೇ ನಡೆಯುತ್ತದೆ. ೨೦೦೬ರಲ್ಲಿ ಸೋನಿ ಸಂಸ್ಥೆಯು ಪ್ಲೇಸ್ಟೇಷನ್ ೩ ಯಂತ್ರವನ್ನು ಅಮೆರಿಕದಲ್ಲಿ ೪೯೯ ಮತ್ತು ೫೯೯ ಡಾಲರುಗಳಿಗೆ ಮಾರಿತು. ಗ್ರಾಹಕರಿಗೆ ಈ ಬೆಲೆಯೇ ದುಬಾರಿಯಾಗಿ ಕಂಡರೂ ತಯಾರಿಕೆಯ ವೆಚ್ಚ ಅದಕ್ಕಿಂತ ಹೆಚ್ಚಾಗಿತ್ತು. ಎಕ್ಸ್‌ಬಾಕ್ಸ್ ಯಂತ್ರಗಳ ಮಾರಾಟದಿಂದ ತಮಗೆ ಎಂದೂ ಲಾಭವಾಗಿಲ್ಲವೆಂದು ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು ೨೦೨೧ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ಲಾಭ ಇರುವುದು ಆಟಗಳಲ್ಲಿ. ಆ ಯಂತ್ರಕ್ಕಾಗಿ ಯಾರೇ ಆಟವನ್ನು ರಚಿಸಿ ಮಾರಿದರೂ ಪ್ರತಿಯೊಂದು ಪ್ರತಿಗೂ ಯಂತ್ರದ ಒಡೆಯನಿಗೆ ಒಂದು ಪಾಲು ಸಲ್ಲಬೇಕು. ಇಂದು ಅಂತರಜಾಲದ ಅಂಗಡಿಗಳಲ್ಲಿ ಈ ಪಾಲು ಸಾಮಾನ್ಯವಾಗಿ ಶೇಕಡ ೩೦.

ಆದಕಾರಣ ಕನ್ಸೋಲನ್ನು ಒಂದು ಸರಕು ಎನ್ನುವುದಕ್ಕಿಂತ ಸುಂಕದ ಕಟ್ಟೆ ಎನ್ನುವುದೇ ಯುಕ್ತ. ಕಟ್ಟೆಯನ್ನು ಕಟ್ಟುವವನು ಮೊದಲು ಕೈಯಿಂದ ಹಣ ಹಾಕಿ ದಾರಿಯನ್ನು ಮಾಡಿಕೊಡುತ್ತಾನೆ. ಜನಸಂಚಾರ ಹೆಚ್ಚಿದ ಮೇಲೆ ಸುಂಕದಿಂದ ಅದನ್ನು ಹಿಂದಕ್ಕೆ ಪಡೆಯುತ್ತಾನೆ. ಆದರೆ ಆಟಗಳಿಲ್ಲದ ಯಂತ್ರವನ್ನು ಯಾರೂ ಕೊಳ್ಳುವುದಿಲ್ಲ. ಕೊಂಡವರಿಲ್ಲದ ಯಂತ್ರಕ್ಕೆ ಯಾರೂ ಆಟ ರಚಿಸುವುದಿಲ್ಲ. ಹೀಗಿರಲು ಯಂತ್ರದ ಒಡೆಯನು ಸ್ಟುಡಿಯೋಗಳನ್ನು ಒಮ್ಮೆ ಓಲೈಸಬೇಕಾಗುತ್ತದೆ, ಇನ್ನೊಮ್ಮೆ ಹತೋಟಿಯಲ್ಲಿಡಬೇಕಾಗುತ್ತದೆ. ಸ್ಟುಡಿಯೋಗಳ ಭಾಗ್ಯವು ಈ ಎರಡು ಧೋರಣೆಗಳ ನಡುವೆ ತೂಗಾಡುತ್ತದೆ ಎಂಬುದೇ ನಮ್ಮ ಪ್ರತಿಪಾದನೆ.

೨. ಬಾಗಿಲಿಲ್ಲದ ಕಟ್ಟೆ, ಬೀಗ ಹಾಕಿದ ಕಟ್ಟೆ

೧೯೭೭ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯು ತನ್ನ ಪ್ರಸಿದ್ಧ ಕನ್ಸೋಲನ್ನು ಹೊರತಂದಾಗ ಅದರ ಆಟಗಳನ್ನೆಲ್ಲ ಅದೇ ಸಂಸ್ಥೆಯ ನೌಕರರು ರಚಿಸುತ್ತಿದ್ದರು. ಅವರ ಹೆಸರು ಆಟದ ಮೇಲೆ ಅಚ್ಚಾಗುತ್ತಿರಲಿಲ್ಲ. ಮಾರಾಟದಲ್ಲಿ ಪಾಲೂ ದೊರೆಯುತ್ತಿರಲಿಲ್ಲ. ಇದರಿಂದ ಬೇಸತ್ತ ನಾಲ್ವರು ರಚನಕಾರರು ಹೊರಬಂದು ೧೯೭೯ರಲ್ಲಿ ಆಕ್ಟಿವಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಯಂತ್ರವನ್ನು ತಯಾರಿಸದೆ ಆಟಗಳನ್ನು ಮಾತ್ರ ರಚಿಸಿದ ಮೊದಲ ಸ್ವತಂತ್ರ ಸಂಸ್ಥೆ ಇದೇ. ಅಟಾರಿ ನ್ಯಾಯಾಲಯಕ್ಕೆ ಹೋಯಿತು. ೧೯೮೨ರಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಆ ಬಳಿಕ ಯಾರು ಬೇಕಾದರೂ ಆಟವನ್ನು ಮಾಡಿ ಮಾರಬಹುದಾಯಿತು. ಯಂತ್ರದಲ್ಲಿ ಅದನ್ನು ತಡೆಯುವ ಉಪಾಯವಿರಲಿಲ್ಲ. ಅಂಗಡಿಗಳು ಹುರುಳಿಲ್ಲದ ಆಟಗಳಿಂದ ತುಂಬಿಹೋದವು. ಅಮೆರಿಕದಲ್ಲಿ ೧೯೮೩ರಲ್ಲಿ ಸುಮಾರು ೩೨೦ ಕೋಟಿ ಡಾಲರುಗಳಷ್ಟಿದ್ದ ಮನೆಯಾಟಗಳ ವ್ಯಾಪಾರ ೧೯೮೫ರ ವೇಳೆಗೆ ಸುಮಾರು ೧೦ ಕೋಟಿಗೆ ಕುಸಿಯಿತು. ಅಟಾರಿ ತನ್ನ ಮಾರಾಟವಾಗದ ಸರಕನ್ನು ನ್ಯೂ ಮೆಕ್ಸಿಕೋ ಪ್ರಾಂತದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿಸಿತು. ೨೦೧೪ರಲ್ಲಿ ಅಗೆದಾಗ ಆ ಆಟಗಳು ಮತ್ತೆ ಬೆಳಕಿಗೆ ಬಂದವು.

ಈ ಪತನದಿಂದ ಪಾಠ ಕಲಿತದ್ದು ಜಪಾನಿನ ನಿಂಟೆಂಡೊ. ೧೯೮೫ರಲ್ಲಿ ಅಮೆರಿಕಕ್ಕೆ ತಂದ ತನ್ನ ಯಂತ್ರದಲ್ಲಿ ಅದು ಬೀಗದಂತಹ ಒಂದು ಚಿಪ್ಪನ್ನು ಅಳವಡಿಸಿತು. ಅದಕ್ಕೆ ಹೊಂದುವ ಚಿಪ್ಪಿಲ್ಲದ ಆಟ ಆ ಯಂತ್ರದಲ್ಲಿ ನಡೆಯುತ್ತಿರಲಿಲ್ಲ. ಆಟದ ಕಾರ್ಟ್ರಿಜ್ಜುಗಳನ್ನು ನಿಂಟೆಂಡೊ ಸಂಸ್ಥೆಯೇ ತಯಾರಿಸಿಕೊಡುವುದು, ಅದರ ಹಣವನ್ನು ಪ್ರಕಾಶಕರು ಮುಂಗಡವಾಗಿ ತೆರುವುದು, ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟಗಳನ್ನು ಹೊರತರದಿರುವುದು, ಒಂದು ಆಟವನ್ನು ಎರಡು ವರ್ಷಗಳ ಕಾಲ ಬೇರೆ ಯಂತ್ರಕ್ಕೆ ಕೊಡದಿರುವುದು - ಇವು ಒಪ್ಪಂದದ ಮುಖ್ಯ ನಿಬಂಧನೆಗಳು. ಆಟ ಮಾರಾಟವಾಗದಿದ್ದರೆ ನಷ್ಟ ಪ್ರಕಾಶಕನದು. ನಿಂಟೆಂಡೊಗೆ ಹಣ ಆಗಲೇ ಸಂದಿರುತ್ತಿತ್ತು. ಐದರ ಮಿತಿಯನ್ನು ದಾಟಲೆಂದೇ ಕೊನಾಮಿ ಸಂಸ್ಥೆ ಅಮೆರಿಕದಲ್ಲಿ ಅಲ್ಟ್ರಾ ಎಂಬ ಎರಡನೆಯ ಹೆಸರಿನಲ್ಲಿ ಆಟಗಳನ್ನು ಪ್ರಕಟಿಸಬೇಕಾಯಿತು. ಆಟಗಳ ಗುಣಮಟ್ಟಕ್ಕೆ ಒಂದು ಕಾವಲು ದೊರೆತು ಉದ್ಯಮ ಚೇತರಿಸಿಕೊಂಡಿತೆಂಬುದು ನಿಜ. ಆದರೆ ಸ್ಟುಡಿಯೋಗಳಿಗೆ ಬೇರೆ ದಾರಿಯಿಲ್ಲವಾಯಿತೆಂಬುದೂ ಅಷ್ಟೇ ನಿಜ.

೩. ಎದುರಾಳಿಯ ಆಗಮನ

ಎರಡನೆಯ ಕಟ್ಟೆ ಏರ್ಪಟ್ಟೊಡನೆ ಮೊದಲನೆಯದರ ಬಿಗಿ ಸಡಿಲವಾಗುತ್ತದೆ. ಸೆಗಾ ಸಂಸ್ಥೆಯ ಜೆನೆಸಿಸ್ ಯಂತ್ರ ೧೯೮೯ರಲ್ಲಿ ಅಮೆರಿಕಕ್ಕೆ ಬಂದಾಗ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯವರು ಆ ಯಂತ್ರದ ಒಳಗುಟ್ಟನ್ನು ತಾವೇ ಶೋಧಿಸಿಕೊಂಡರು. ಅನುಮತಿಯಿಲ್ಲದೆಯೂ ಆಟಗಳನ್ನು ಮಾಡಬಲ್ಲೆವೆಂದು ತೋರಿಸಿ, ೧೯೯೦ರಲ್ಲಿ ಸೆಗಾದಿಂದ ಕಡಮೆ ಸುಂಕದ ಒಪ್ಪಂದವನ್ನು ಪಡೆದುಕೊಂಡರು.

ಇದಕ್ಕಿಂತಲೂ ಬೋಧಪ್ರದವಾದುದು ಜಪಾನಿನ ಸ್ಕ್ವೇರ್ ಸ್ಟುಡಿಯೋದ ಕಥೆ. ೧೯೮೭ರಲ್ಲಿ ಆರಂಭವಾದ ಇದರ 'ಫೈನಲ್ ಫ್ಯಾಂಟಸಿ' ಮಾಲಿಕೆಯ ಮೊದಲ ಆರು ಆಟಗಳೂ ನಿಂಟೆಂಡೊ ಯಂತ್ರಗಳಿಗಾಗಿಯೇ ರಚಿತವಾದವು. ಅಷ್ಟರಲ್ಲಿ ಸೋನಿ ರಂಗಕ್ಕೆ ಬಂದಿತು. ಸೋನಿ ಮತ್ತು ನಿಂಟೆಂಡೊ ಮೊದಲು ಕೂಡಿಯೇ ಸಿ.ಡಿ. ಬಳಸುವ ಯಂತ್ರವೊಂದನ್ನು ಯೋಜಿಸಿದ್ದವು. ೧೯೯೧ರಲ್ಲಿ ನಿಂಟೆಂಡೊ ಆ ಒಪ್ಪಂದದಿಂದ ಸರಿದು ಫಿಲಿಪ್ಸ್ ಸಂಸ್ಥೆಯ ಕೈ ಹಿಡಿಯಿತು. ಸೋನಿ ಒಂಟಿಯಾಗಿಯೇ ಮುಂದುವರಿದು ೧೯೯೪ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ನನ್ನು ಹೊರತಂದಿತು. ನಿಂಟೆಂಡೊ ೧೯೯೬ರ ತನ್ನ ಹೊಸ ಯಂತ್ರದಲ್ಲಿಯೂ ಕಾರ್ಟ್ರಿಜ್ಜನ್ನೇ ಉಳಿಸಿಕೊಂಡಿತು. ಒಂದು ಸಿ.ಡಿ.ಯಲ್ಲಿ ಸುಮಾರು ೬೫೦ ಮೆಗಾಬೈಟುಗಳಷ್ಟು ಸಾಮಗ್ರಿ ಹಿಡಿಯುತ್ತದೆ. ಆ ಯಂತ್ರದ ಅತಿ ದೊಡ್ಡ ಕಾರ್ಟ್ರಿಜ್ಜಿನಲ್ಲಿ ೬೪ ಮಾತ್ರ. ಸಿ.ಡಿ.ಯ ತಯಾರಿಕೆ ಅಗ್ಗ ಮತ್ತು ಶೀಘ್ರ; ಆದಕಾರಣ ಪ್ರಕಾಶಕನು ಸ್ವಲ್ಪವೇ ಪ್ರತಿಗಳನ್ನು ಮಾಡಿಸಿ, ಬೇಡಿಕೆ ಬಂದರೆ ಮತ್ತಷ್ಟು ಮಾಡಿಸಬಹುದು. ಕಾರ್ಟ್ರಿಜ್ಜಿಗೆ ಹೆಚ್ಚು ಬೆಲೆ, ಹೆಚ್ಚು ಕಾಲ. ಬೇಡಿಕೆಯನ್ನು ತಿಂಗಳುಗಳ ಮುಂಚೆಯೇ ಊಹಿಸಿ ಹಣ ಕಟ್ಟಬೇಕು. ಅಂದರೆ ನಷ್ಟದ ಭಾರವನ್ನು ಯಾರು ಹೊರಬೇಕೆಂಬುದನ್ನೇ ಈ ಎರಡು ವಸ್ತುಗಳ ವ್ಯತ್ಯಾಸ ನಿರ್ಧರಿಸುತ್ತಿತ್ತು.

೧೯೯೬ರ ಆದಿಯಲ್ಲಿ ಸ್ಕ್ವೇರ್ ತನ್ನ ಏಳನೆಯ 'ಫೈನಲ್ ಫ್ಯಾಂಟಸಿ'ಯನ್ನು ಪ್ಲೇಸ್ಟೇಷನ್ನಿಗೆ ಕೊಡುವುದಾಗಿ ಘೋಷಿಸಿತು. ೧೯೯೭ರ ಜನವರಿಯಲ್ಲಿ ಹೊರಬಂದ ಆ ಆಟ ಮೂರು ಸಿ.ಡಿ.ಗಳನ್ನು ತುಂಬಿತ್ತು. ಎನಿಕ್ಸ್ ಎಂಬ ಮತ್ತೊಂದು ಪ್ರಸಿದ್ಧ ಸಂಸ್ಥೆಯೂ ಅದೇ ಹಾದಿ ಹಿಡಿಯಿತು. ಕೊನೆಗೆ ಪ್ಲೇಸ್ಟೇಷನ್ ೧೦ ಕೋಟಿಗೂ ಹೆಚ್ಚಾಗಿ ಮಾರಾಟವಾಯಿತು. ನಿಂಟೆಂಡೊ ೬೪ ಯಂತ್ರದ ಮಾರಾಟ ಸುಮಾರು ೩ ಕೋಟಿ ೨೯ ಲಕ್ಷಕ್ಕೆ ನಿಂತಿತು. ಯಂತ್ರವನ್ನು ಮಾರುವುದು ಆಟವೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಆದರೂ ಸ್ಕ್ವೇರಿನ ಏಳಿಗೆ ಶಾಶ್ವತವಾಗಲಿಲ್ಲ. ೨೦೦೧ರಲ್ಲಿ ಅದು ನಿರ್ಮಿಸಿದ ಚಲನಚಿತ್ರ ಭಾರಿ ನಷ್ಟ ತಂದಿತು. ಆಗ ಸೋನಿಯ ಆಟದ ವಿಭಾಗವೇ ಅದರ ಶೇಕಡ ೧೮.೬ರಷ್ಟು ಷೇರುಗಳನ್ನು ಕೊಂಡು ಆಸರೆಯಿತ್ತಿತು. ೨೦೦೩ರಲ್ಲಿ ಸ್ಕ್ವೇರ್ ಮತ್ತು ಎನಿಕ್ಸ್ ಒಂದಾದವು.

ಇತ್ತ ಸೆಗಾದ ಗತಿಯನ್ನೂ ನೋಡಬೇಕು. ೧೯೯೫ರ ಮೇ ತಿಂಗಳಲ್ಲಿ ಅದು ತನ್ನ ಸ್ಯಾಟರ್ನ್ ಯಂತ್ರವನ್ನು ೩೯೯ ಡಾಲರಿಗೆ, ಮೊದಲು ಸಾರಿದ್ದ ದಿನಕ್ಕಿಂತ ತಿಂಗಳುಗಳ ಮುಂಚೆ, ಕೆಲವೇ ಅಂಗಡಿಗಳಲ್ಲಿ ಹಠಾತ್ತಾಗಿ ಮಾರಾಟಕ್ಕಿಟ್ಟಿತು. ಆಟಗಳು ಇನ್ನೂ ಸಿದ್ಧವಾಗಿರಲಿಲ್ಲ. ಉಳಿದ ಅಂಗಡಿಗಳವರು ಮುನಿದರು. ಅದೇ ದಿನ ಸೋನಿ ತನ್ನ ಬೆಲೆ ೨೯೯ ಎಂದು ಸಾರಿತು. ಸೆಗಾ ಪುನಃ ಡ್ರೀಮ್‌ಕಾಸ್ಟ್ ಎಂಬ ಯಂತ್ರದಿಂದ ಪ್ರಯತ್ನಿಸಿದರೂ ಎಲೆಕ್ಟ್ರಾನಿಕ್ ಆರ್ಟ್ಸ್ ಅದಕ್ಕೆ ಆಟಗಳನ್ನು ಕೊಡಲಿಲ್ಲ. ೨೦೦೧ರಲ್ಲಿ ಸೆಗಾ ಯಂತ್ರಗಳ ತಯಾರಿಕೆಯನ್ನೇ ಬಿಟ್ಟಿತು. ಆ ವರ್ಷದ ಕೊನೆಯಲ್ಲಿ ಅದರ ಸಾನಿಕ್ ಎಂಬ ನೀಲಿ ಮುಳ್ಳುಹಂದಿ ಹಳೆಯ ವೈರಿ ನಿಂಟೆಂಡೊವಿನ ಯಂತ್ರದಲ್ಲಿಯೇ ಓಡತೊಡಗಿತು. ಸುಂಕ ವಸೂಲು ಮಾಡುತ್ತಿದ್ದವನು ಸುಂಕ ತೆರುವವನಾದನು.

೪. ಸ್ಟುಡಿಯೋಗಳ ಖರೀದಿ

ಆಟಗಳು ಎದುರಾಳಿಯ ಪಾಲಾಗದಂತೆ ತಡೆಯುವ ಇನ್ನೊಂದು ಉಪಾಯವೆಂದರೆ ಸ್ಟುಡಿಯೋವನ್ನೇ ಕೊಂಡುಬಿಡುವುದು. ಮೈಕ್ರೋಸಾಫ್ಟ್ ೨೦೦೦ದಲ್ಲಿ ಬಂಜೀ ಸ್ಟುಡಿಯೋವನ್ನು ಕೊಂಡಿತು. ಮರುವರ್ಷ ಬಂದ 'ಹೇಲೋ' ಆಟವೇ ಮೊದಲ ಎಕ್ಸ್‌ಬಾಕ್ಸಿಗೆ ಆಧಾರವಾಯಿತು. ೨೦೦೭ರಲ್ಲಿ ಬಂಜೀ ಸ್ವತಂತ್ರವಾದಾಗ ಹೊರಟವರು ರಚನಕಾರರು ಮಾತ್ರ. 'ಹೇಲೋ' ಆಟದ ಒಡೆತನ ಮೈಕ್ರೋಸಾಫ್ಟಿನಲ್ಲಿಯೇ ಉಳಿಯಿತು. ಅದೇ ಬಂಜೀಯನ್ನು ೨೦೨೨ರಲ್ಲಿ ಸೋನಿ ೩೬೦ ಕೋಟಿ ಡಾಲರಿಗೆ ಕೊಂಡಿತು. ೨೦೨೪ರಲ್ಲಿ ಅಲ್ಲಿ ೨೨೦ ಮಂದಿ ಕೆಲಸ ಕಳೆದುಕೊಂಡರು. ಇಂಗ್ಲೆಂಡಿನ ರೇರ್ ಸ್ಟುಡಿಯೋ ೧೯೯೦ರ ದಶಕದಲ್ಲಿ ನಿಂಟೆಂಡೊ ಯಂತ್ರಗಳಿಗೆ 'ಡಾಂಕಿ ಕಾಂಗ್ ಕಂಟ್ರಿ', 'ಗೋಲ್ಡನ್‌ಐ' ಮೊದಲಾದ ಯಶಸ್ವೀ ಆಟಗಳನ್ನು ಕೊಟ್ಟಿತು. ೨೦೦೨ರಲ್ಲಿ ಮೈಕ್ರೋಸಾಫ್ಟ್ ಅದನ್ನು ೩೭ ಕೋಟಿ ೫೦ ಲಕ್ಷ ಡಾಲರಿಗೆ ಕೊಂಡಿತು. ಹಲವು ವರ್ಷ ಮಂಕಾಗಿದ್ದು, ೨೦೧೮ರಲ್ಲಿ 'ಸೀ ಆಫ್ ಥೀವ್ಸ್' ಆಟದಿಂದ ಮೇಲೆದ್ದ ಈ ಸ್ಟುಡಿಯೋ ಅನಂತರ ಕೈಗೊಂಡಿದ್ದ 'ಎವರ್‌ವೈಲ್ಡ್' ಎಂಬ ಆಟವನ್ನು ೨೦೨೫ರಲ್ಲಿ ರದ್ದುಮಾಡಲಾಯಿತು.

ಖರೀದಿಯೆಲ್ಲ ಕೇಡೆಂದು ಹೇಳುವುದು ಅನ್ಯಾಯ. ೨೦೦೧ರಲ್ಲಿ ಸೋನಿ ಕೊಂಡ ನಾಟಿ ಡಾಗ್ ಸ್ಟುಡಿಯೋ ಒಡೆಯನ ಆಶ್ರಯದಲ್ಲಿಯೇ ತನ್ನ ಶ್ರೇಷ್ಠ ಕೃತಿಗಳನ್ನು ರಚಿಸಿತು. ಆದರೆ ಟೋಕಿಯೋ ನಗರದ ಟ್ಯಾಂಗೋ ಗೇಮ್‌ವರ್ಕ್ಸ್ ಸ್ಟುಡಿಯೋದ ಪಾಡನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ೨೦೨೩ರಲ್ಲಿ ಇದು ಹೊರತಂದ 'ಹೈ-ಫೈ ರಷ್' ವಿಮರ್ಶಕರ ಮೆಚ್ಚುಗೆಯನ್ನೂ ಪ್ರಶಸ್ತಿಯನ್ನೂ ಗಳಿಸಿತು. ೨೦೨೪ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಈ ಸ್ಟುಡಿಯೋವನ್ನು ಮುಚ್ಚುವುದಾಗಿ ಸಾರಿತು. ಅದೇ ಆಗಸ್ಟಿನಲ್ಲಿ ಕೊರಿಯದ ಕ್ರಾಫ್ಟನ್ ಸಂಸ್ಥೆ ಮುಂದೆ ಬಂದುದರಿಂದ ಅದು ಉಳಿಯಿತು. ರಚನೆಯ ಗುಣ ಬದಲಾಗಿರಲಿಲ್ಲ. ಒಡೆಯನ ಲೆಕ್ಕಾಚಾರ ಬದಲಾಗಿತ್ತು.

ನಮ್ಮ ಬೆಂಗಳೂರಿಗೂ ಈ ಅಲೆ ತಾಗದೆ ಇಲ್ಲ. ೧೯೯೭ರಲ್ಲಿ ಇಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆ ವಿದೇಶದ ದೊಡ್ಡ ಆಟಗಳಿಗೆ ಚಿತ್ರಕಲೆಯ ಕೆಲಸವನ್ನು ಮಾಡಿಕೊಡುತ್ತ ಬೆಳೆಯಿತು. ೨೦೧೭ರಲ್ಲಿ ಅದು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಯ ಕೈ ಸೇರಿತು. ೨೦೧೮ರಲ್ಲಿ ಸ್ಟಾರ್‌ಬ್ರೀಜಿನ ಒಂದು ಆಟ ಸೋತು ಆ ಸಂಸ್ಥೆ ಸಂಕಟಕ್ಕೆ ಸಿಕ್ಕಿದಾಗ, ೨೦೧೯ರಲ್ಲಿ ಧ್ರುವವನ್ನು ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆಗೆ ಮಾರಲಾಯಿತು. ಸ್ಟಾಕ್‌ಹೋಮಿನ ಸೋಲು ಬೆಂಗಳೂರಿನ ಕಲಾವಿದರ ಒಡೆಯನನ್ನು ಬದಲಾಯಿಸಿತು.

೫. ಉಪಸಂಹಾರ

ಇಲ್ಲಿಯವರೆಗೆ ಹೇಳಿದ ನಿದರ್ಶನಗಳಿಂದ ಎರಡು ಸಂಗತಿಗಳು ವಿದಿತವಾಗುತ್ತವೆ. ಯಂತ್ರದ ಒಡೆಯರು ಇಬ್ಬರು ಮೂವರಿದ್ದು ಪರಸ್ಪರ ಸ್ಪರ್ಧಿಸುವಾಗ ಸ್ಟುಡಿಯೋಗಳಿಗೆ ಬೆಲೆ ಬರುತ್ತದೆ. ಒಬ್ಬನೇ ಇರುವಾಗಲೂ, ಸ್ಟುಡಿಯೋ ಒಬ್ಬನ ಸೊತ್ತಾದಾಗಲೂ ಆ ಬೆಲೆ ಕುಗ್ಗುತ್ತದೆ. ಎರಡನೆಯದಾಗಿ, ಆಟದ ಹೆಸರು ಮತ್ತು ಹಕ್ಕು ಯಾರಲ್ಲಿದೆಯೋ ಬಲ ಅವರಲ್ಲಿದೆ, ಅದನ್ನು ರಚಿಸಿದ ಕೈಗಳಲ್ಲಲ್ಲ. ಅಟಾರಿಯ ಒಡೆತನವನ್ನು ಧಿಕ್ಕರಿಸಿ ನಾಲ್ವರು ಕಟ್ಟಿದ ಆಕ್ಟಿವಿಷನ್, ನಲವತ್ತನಾಲ್ಕು ವರ್ಷಗಳ ತರುವಾಯ ಮತ್ತೊಬ್ಬ ಕನ್ಸೋಲ್ ತಯಾರಕನ ಸೊತ್ತಾಯಿತೆಂಬುದನ್ನು ನೆನೆದರೆ ಈ ಮಾತಿನ ಅರ್ಥ ಮನದಟ್ಟಾಗುತ್ತದೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ನಮ್ಮಲ್ಲಿದೆ. ಈ ವೃತ್ತಿಗೆ ಹೋಗಬಯಸುವ ವಿದ್ಯಾರ್ಥಿಗೆ ಚಿತ್ರ ಬರೆಯುವುದನ್ನೂ ಕ್ರಮವಿಧಿಗಳನ್ನು ರಚಿಸುವುದನ್ನೂ ಕಲಿಸುವ ನಾವು, ಅದರೊಡನೆ ಒಪ್ಪಂದದ ಕಾಗದವನ್ನು ಓದುವುದನ್ನೂ, ತಾನು ರಚಿಸಿದುದರ ಹಕ್ಕು ಯಾರಿಗೆ ಸೇರುತ್ತದೆಂದು ಮೊದಲೇ ಕೇಳುವುದನ್ನೂ ಕಲಿಸುವುದು ಅವಶ್ಯ.