ಹವ್ಯಾಸಕ್ಕೆ ಹಾಕಿದ ಹಣ, ಇಳಿದುಹೋದ ಹುರುಪು



ಸೇಲಂ, ಧರ್ಮಪುರಿ ಕಡೆಯ ನಮ್ಮ ಮನೆಗಳಲ್ಲಿ ಇಂಥದ್ದೊಂದು ಮೂಲೆ ಇದ್ದೇ ಇರುತ್ತದೆ. ಹೊಗೇನಕಲ್ ಜಲಪಾತದ ಚಿತ್ರ ತೆಗೆಯಲೆಂದು ಕೊಂಡ ಕ್ಯಾಮೆರಾ, ಏರ್ಕಾಡಿನ 20 ಹೇರ್‌ಪಿನ್ ತಿರುವುಗಳನ್ನು ಹತ್ತಲೆಂದು ತಂದ ಗೇರ್ ಸೈಕಲ್, ಮಗಳಿಗೆಂದು ತರಿಸಿದ ವೀಣೆ ಅಲ್ಲಿ ಧೂಳು ತಿನ್ನುತ್ತಿರುತ್ತವೆ. ಕಣ್ಣಿಗೆ ಬಿದ್ದಾಗಲೆಲ್ಲ, ಹಾಕಿದ ದುಡ್ಡು ನೀರಲ್ಲಿ ಹೋಮವಾಯಿತೇ ಎಂದು ಮನಸ್ಸು ಚುಚ್ಚುತ್ತದೆ.

ಅರ್ಥಶಾಸ್ತ್ರದಲ್ಲಿ ಇಂಥ ಹಣಕ್ಕೆ 'ಮುಳುಗಿದ ವೆಚ್ಚ' ಎನ್ನುತ್ತಾರೆ. ಹವ್ಯಾಸ ಮುಂದುವರಿಸಿದರೂ ಬಿಟ್ಟರೂ ಅದು ಮರಳಿ ಬರುವುದಿಲ್ಲ. ಆದರೂ ಅದು ನಮ್ಮನ್ನು ಎಳೆಯುತ್ತದೆ. ಅಮೆರಿಕದ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ವರ್ಷದ ನಾಟಕಗಳಿಗೆ ಒಟ್ಟಾಗಿ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ದರ, ಕೆಲವರಿಗೆ ರಿಯಾಯಿತಿ ದರ. ಮೊದಲ ಅರ್ಧ ವರ್ಷ ಪೂರ್ತಿ ದರ ಕೊಟ್ಟವರೇ ಹೆಚ್ಚು ನಾಟಕ ನೋಡಿದರು. ಉಳಿದ ಅರ್ಧದಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ದುಡ್ಡಿನ ಒತ್ತಾಯ ಕೆಲವು ತಿಂಗಳು ನಡೆಸೀತು, ಆಸಕ್ತಿಯ ಜಾಗವನ್ನು ತುಂಬಲಾರದು.

ಮಕ್ಕಳ ವಿಷಯದಲ್ಲಿ ಇದನ್ನು ನಾವು ಮುಖ್ಯವಾಗಿ ನೆನಪಿಡಬೇಕು. "ಇಷ್ಟು ದುಡ್ಡು ಹಾಕಿದ್ದೇವೆ, ಕೂತು ನುಡಿಸು" ಎಂದರೆ ಮಗುವಿಗೆ ಸಂಗೀತ ತೀರಿಸಬೇಕಾದ ಸಾಲದಂತೆ ಕಾಣುತ್ತದೆ.

ಹಾಗಾದರೆ ಏನು ಮಾಡೋಣ? ಈ ವಸ್ತು ಇಂದು ಪುಕ್ಕಟೆ ಸಿಕ್ಕಿದ್ದರೆ ಕೈಗೆತ್ತಿಕೊಳ್ಳುತ್ತಿದ್ದೆವೇ ಎಂದು ಕೇಳಿಕೊಳ್ಳೋಣ. ಹೌದಾದರೆ ಆಸೆ ಇನ್ನೂ ಉಳಿದಿದೆ ಎಂದರ್ಥ. ಕೊರತೆ ಇರುವುದು ಬಹುಶಃ ಜೊತೆಗಾರರದು, ಗುರುವಿನದು ಅಥವಾ ಸಮಯದ್ದು. ಏರ್ಕಾಡ್ ಹತ್ತುವ ಮಾತು ಆಮೇಲಿರಲಿ, ಮೊದಲು ವಾರಕ್ಕೆರಡು ಸಲ ಊರ ಸುತ್ತ ಒಬ್ಬರ ಜೊತೆ ಸೈಕಲ್ ತುಳಿದರೆ ಸಾಕು.

ಇಲ್ಲವೆಂದಾದರೆ ಬೇಗ ಕೈದಾಟಿಸುವುದೇ ಲೇಸು. ಬಳಸದೆ ಇಟ್ಟ ವಸ್ತು ಕೆಡುತ್ತದೆ. ತೇವದಲ್ಲಿ ಮುಚ್ಚಿಟ್ಟ ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಗಾಳಿ ಇಳಿದು ನಿಂತ ಸೈಕಲ್ಲಿನ ಟೈರು ಬಿರಿಯುತ್ತದೆ, ಬಿಸಿಲ ತಾಪಕ್ಕೆ ವೀಣೆಯ ಮೇಣ ಸಡಿಲವಾಗುತ್ತದೆ. ಇಂದು ಮಾರಿದರೆ ಬರುವ ಬೆಲೆ ಎರಡು ವರ್ಷ ಕಳೆದ ಮೇಲೆ ಸಿಗುವುದು ಕಷ್ಟ.

ಮುಂದೆ ಹೊಸ ಹವ್ಯಾಸ ಶುರು ಮಾಡುವಾಗ ಮೊದಲ ಮೂರು ತಿಂಗಳು ಎರವಲು ಅಥವಾ ಬಾಡಿಗೆ ವಸ್ತುವಿನಲ್ಲೇ ಕಲಿಯೋಣ. ಹುರುಪು ಅಷ್ಟು ದಿನ ತಾಳಿದರೆ ಕೊಳ್ಳೋಣ.

ಸೇಲಂನ ಒಂದು ಮನೆಯಲ್ಲಿ ಸುಮ್ಮನೆ ಕೂತ ಹಾರ್ಮೋನಿಯಂಗಾಗಿ ಧರ್ಮಪುರಿಯಲ್ಲೋ ಹೊಸೂರಿನಲ್ಲೋ ಒಂದು ಮಗು ಕಾಯುತ್ತಿರಬಹುದು. ನಾವು ಸೇರಿದಾಗ ಕೊಡಬಲ್ಲವರು, ಬೇಕಾದವರು ಇಬ್ಬರೂ ಬಾಯಿಬಿಟ್ಟು ಹೇಳೋಣ. ಹಾಕಿದ ಹಣ ಮರಳದಿದ್ದರೂ ವಸ್ತುವಿಗೆ ಮತ್ತೆ ಕೆಲಸ ಸಿಗುತ್ತದೆ.