ಮೂರರ ಮಾತು: ಮುಪ್ಪುರದಿಂದ ತ್ರಿವಳಿಯವರೆಗೆ

ಪುಣೆಯಿಂದ ಅಹಿಲ್ಯಾನಗರದ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ಬಂದರೆ ನಮ್ಮ ರಾಂಜಣಗಾಂವ. ಕಾರ್ಖಾನೆಗಳ ಊರೂ ಹೌದು, ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಊರೂ ಹೌದು. ತ್ರಿಪುರಾಸುರನನ್ನು ಗೆಲ್ಲುವ ಮುನ್ನ ಶಿವನು ಇಲ್ಲಿ ಗಣಪತಿಯನ್ನು ಪೂಜಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ಆ ತ್ರಿಪುರವನ್ನು ನಮ್ಮ ಹಳೆಯ ಕವಿಗಳು 'ಮುಪ್ಪುರ' ಎಂದರು. ಎಷ್ಟು ಚೆಂದದ ಮಾತು, ನೋಡಿ!

ಕನ್ನಡದಲ್ಲಿ 'ಮೂರು' ಬೇರೆ ಪದದೊಡನೆ ಸೇರುವಾಗ ಸಾಮಾನ್ಯವಾಗಿ 'ಮು' ಎಂದು ಕಿರಿದಾಗಿ, ಮುಂದಿನ ವ್ಯಂಜನವನ್ನು ಇಮ್ಮಡಿ ಮಾಡುತ್ತದೆ. ಮೂರು ಕಣ್ಣಿನವನು ಮುಕ್ಕಣ್ಣ. ಮೂರು ಕಾಲಿನ ಮಣೆ ಮುಕ್ಕಾಲಿ. ಮೂರು ಪಾಲಿನ ಕಾಲು ಮುಕ್ಕಾಲು. ಮೈಸೂರಿನ ಮೂರನೆಯ ಕೃಷ್ಣರಾಜರು ಮುಮ್ಮಡಿ. ದೀಪ ಹಚ್ಚುವ ಹೊತ್ತು ಮುಸ್ಸಂಜೆ. ಹಳ್ಳಿಯ ಅಜ್ಜಿಯರು ಅದನ್ನೇ 'ಮೂರುಸಂಜೆ' ಎನ್ನುತ್ತಾರೆ. ಸೋಜಿಗವೆಂದರೆ, ನೆರೆಮನೆಯ ಮರಾಠಿ ಕಾಕೂ ಕೂಡ 'ತಿನ್ಹೀಸಾಂಜ' ಎನ್ನುತ್ತಾರೆ. ಭಾಷೆ ಬೇರೆ, ಲೆಕ್ಕ ಒಂದೇ!

ಇನ್ನು 'ತ್ರಿವಳಿ'. ಸಂಸ್ಕೃತದ 'ಯಮಲ'ದಿಂದ ನಮಗೆ 'ಅವಳಿ', 'ಜವಳಿ' ಬಂದವು. ಅವಳಿಯ ಮಾದರಿಯಲ್ಲೇ 'ತ್ರಿ' ಸೇರಿಸಿ, ಒಂದೇ ಹೆರಿಗೆಯಲ್ಲಿ ಹುಟ್ಟಿದ ಮೂವರು ಮಕ್ಕಳನ್ನು ತ್ರಿವಳಿ ಎಂದೆವು. ಹಳೆಯ ಕಾವ್ಯಗಳ 'ತ್ರಿವಳಿ' ಬೇರೆ; ಅಲ್ಲಿ ಅದು ಹೆಣ್ಣಿನ ಹೊಟ್ಟೆಯ ಮೂರು ಮಡಿಕೆ. ರೂಪ ಒಂದೇ, ಹುಟ್ಟು ಎರಡು. 2017ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ಪತ್ರಿಕೆಗಳು 'ತ್ರಿವಳಿ ತಲಾಖ್' ಎಂದು ಬರೆದು ಈ ಪದವನ್ನು ಮನೆಮನೆಗೂ ಮುಟ್ಟಿಸಿದವು. ಮರಾಠಿಯವರಿಗೆ ಅವಳಿಗಳು 'ಜುಳೇ', ತ್ರಿವಳಿಗಳು 'ತಿಳೇ'.

ಇದೆಲ್ಲ ಪಂಡಿತರ ಕೆಲಸ, ನಮಗೇಕೆ ಎನ್ನಬೇಡಿ. ಗಂಟೆ ಎಷ್ಟೆಂದು ನಿಮ್ಮ ಮಕ್ಕಳನ್ನು ಕೇಳಿ ನೋಡಿ. 'ಪಾವಣೇ ದೋನ್' ಎಂಬ ಉತ್ತರ ಬರುತ್ತದೆ. 'ಒಂದೂ ಮುಕ್ಕಾಲು' ಎಂದರೆ ಕಣ್ಣು ಕಣ್ಣು ಬಿಡುತ್ತಾರೆ. ಮರಾಠಿ 'ಎರಡಕ್ಕೆ ಕಾಲು ಕಡಿಮೆ' ಎಂದು ಎಣಿಸಿದರೆ, ಕನ್ನಡ 'ಒಂದು ದಾಟಿ ಮೂರು ಕಾಲು' ಎಂದು ಎಣಿಸುತ್ತದೆ. ಪದ ಹೋದರೆ ಎಣಿಸುವ ರೀತಿಯೇ ಹೋಗುತ್ತದೆ. ಮಕ್ಕಳು ಮರಾಠಿ ಕಲಿಯಲಿ, ಅದು ನಮಗೆ ಅನ್ನ ಕೊಟ್ಟ ನೆಲದ ನುಡಿ. ಆದರೆ ಮುಕ್ಕಾಲು, ಮುಸ್ಸಂಜೆಗಳನ್ನು ಶಾಲೆ ಕಲಿಸದು. ಅದು ಅಡುಗೆಮನೆಯಲ್ಲೇ ಆಗಬೇಕು. ಅಳತೆಯ ಲೋಟ ಕೈಗೆ ಕೊಟ್ಟು 'ಮುಕ್ಕಾಲು ಲೋಟ ಅಕ್ಕಿ ಹಾಕು' ಎಂದು ಹೇಳಿ. ಸಂಜೆ ದೀಪ ಹಚ್ಚುವಾಗ 'ಮುಸ್ಸಂಜೆಯಾಯಿತು, ಕೈಕಾಲು ತೊಳೆದು ಬಾ' ಎಂದು ಕರೆಯಿರಿ. ಇಷ್ಟು ಮಾಡಿದರೆ ಸಾಕು, ಉಳಿದದ್ದನ್ನು ಮಕ್ಕಳೇ ಕೇಳುತ್ತಾರೆ.